ಮಡಿಕೆಯೊಳಗಿನ ಹೆಸರುಗಳು

ವ್ಯಾಪಾರಕ್ಕೆ ಹೊಸದಾಗಿ ಇಳಿದವರು ಸಲಹೆ ಕೇಳಿಕೊಂಡು ಬಂದರೆ ನಾನು ಮೊದಲು ಹೇಳುವುದು ಒಂದೇ ಮಾತು. ಮಾತುಕತೆಗೆ ಕೂರುವಾಗ ನಿಮ್ಮ ಬೇಡಿಕೆಗಳ ಜೊತೆಗೆ ಒಂದು ಹೆಚ್ಚಿನದನ್ನು ಸೇರಿಸಿಕೊಂಡು ಹೋಗಿ. ಅದು ನಿಮಗೆ ಬೇಕಾದದ್ದಲ್ಲ, ಬಿಟ್ಟುಕೊಡಲಿಕ್ಕೆಂದೇ ಇಟ್ಟುಕೊಂಡದ್ದು. ಕೊನೆಯ ತನಕ ಅದಕ್ಕಾಗಿ ಹಟ ಹಿಡಿಯಿರಿ. ಆಮೇಲೆ ಮುಖ ಸಪ್ಪೆ ಮಾಡಿಕೊಂಡು ಬಿಡಿ. ಎದುರಿಗಿದ್ದವನಿಗೆ ಗೆದ್ದ ಸಂತೋಷ, ನಿಮಗೆ ಉಳಿದದ್ದೆಲ್ಲ. ಜಯನಗರದ ಕಾಂಪ್ಲೆಕ್ಸ್ ಹೊರಗೆ ಫುಟ್‌ಪಾತಿನ ಮೇಲೆ ಟೆನಿಸ್ ಬಾಲು ಮಾರುತ್ತಿದ್ದವನು ಈವತ್ತು ಆಟದ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದೇನೆ ಅಂದರೆ ಅದರಲ್ಲಿ ಈ ಉಪಾಯದ ಪಾಲು ದೊಡ್ಡದು. ಇಷ್ಟು ವರ್ಷದಲ್ಲಿ ಅದು ಕೈಕೊಟ್ಟದ್ದು ಒಂದೇ ಸಲ. ಆ ಸಲ ನಾನು ಬಿಟ್ಟುಕೊಟ್ಟದ್ದು ನನ್ನ ವಸ್ತುವಾಗಿರಲಿಲ್ಲ.

ಅದು ಯಾರದಾಗಿತ್ತೋ ಅವರು ಕಳೆದ ಆಷಾಢದಲ್ಲಿ ತೀರಿಕೊಂಡರು. ವಸಂತಪುರದ ಮನೆಯಿಂದ ಬನಶಂಕರಿಯ ಚಿತಾಗಾರದವರೆಗೆ ಜೊತೆಗೆ ಬಂದವರು ನಲವತ್ತು ಜನ ಇರಬಹುದು. ಅರ್ಧಕ್ಕರ್ಧ ಜನ ಕುಂಟುತ್ತಿದ್ದರು. ಹಳೆಯ ಫುಟ್‌ಬಾಲ್ ಆಟಗಾರರ ಗುಂಪೇ ಹಾಗೆ, ತಲೆಗೂದಲಿಗಿಂತ ಮುಂಚೆ ಮೊಣಕಾಲಿಗೆ ವಯಸ್ಸಾಗಿರುತ್ತದೆ.

ಅವರು ಹೊಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವರು. ಬಟ್ಟೆಯನ್ನು ಪದರ ಪದರವಾಗಿ ಮೇಜಿನ ಮೇಲೆ ಹಾಸಿ, ಗುರುತು ಹಾಕಿ, ಎಲ್ಲ ಪದರಗಳನ್ನೂ ಒಂದೇ ಸಲಕ್ಕೆ ಕತ್ತರಿಸುವ ಕೆಲಸ. ಒಂದು ಗೆರೆ ತಪ್ಪಿದರೆ ಒಂದು ಅಂಗಿಯಲ್ಲ, ನೂರು ಅಂಗಿ ಹಾಳು. ಹೆಸರು ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ, ಹಾಗಾಗಿ ಬರೆಯುವುದಿಲ್ಲ. ಎಲ್ಲರೂ ಅವರನ್ನು ಮಾಸ್ಟ್ರು ಅನ್ನುತ್ತಿದ್ದರು.

ನನಗೆ ಅವರು ಪರಿಚಯವಾದದ್ದು ಗಿರಾಕಿಯಾಗಿ. ಒಂದು ಫುಟ್‌ಬಾಲ್ ಕೇಳಿದರು. ನಾನು ಬೆಲೆ ಹೇಳಿದೆ. ಗಿರಾಕಿ ಇಳಿಸುತ್ತಾನೆಂದು ಗೊತ್ತಿದ್ದು ಏರಿಸಿ ಹೇಳುವ ಬೆಲೆ. ಅವರು ಇಳಿಸಲಿಲ್ಲ. ಚೆಂಡಿನ ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದು, ‘ಇದು ಎರಡು ತಿಂಗಳಿಗೆ ಬಾಯಿ ಬಿಡತ್ತೆ’ ಅಂದರು.

‘ಹಂಗಾದ್ರೆ ಬೇರೆ ತೋರಿಸ್ಲಾ ಸಾರ್?’

‘ಬೇಡ ಬಿಡಿ. ನಿಮ್ಹತ್ರ ಇರೋದೆಲ್ಲ ಒಂದೇ ಕೈ ಹೊಲಿಗೆ.’

ಕೇಳಿದಷ್ಟು ಕೊಟ್ಟು ತೆಗೆದುಕೊಂಡು ಹೋದರು. ಸರಿಯಾಗಿ ಎರಡು ತಿಂಗಳಿಗೆ ಬಾಯಿ ಬಿಟ್ಟ ಚೆಂಡು ಹಿಡಿದುಕೊಂಡು ಬಂದರು. ನಾನು ಜಗಳಕ್ಕೆ ಸಿದ್ಧನಾಗಿ ಎದ್ದು ನಿಂತೆ. ‘ಮಾರಿದ ಮಾಲು ವಾಪಸ್ ತಗೊಳಲ್ಲ ಸಾರ್.’

‘ವಾಪಸ್ ಕೊಡಕ್ಕೆ ಯಾರು ಬಂದ್ರು? ಗೊತ್ತಿರ್ಲಿ ಅಂತ ತೋರ್ಸಕ್ಕೆ ಬಂದೆ. ಸೂಜಿ ದಪ್ಪ ಆಗಿದೆ, ದಾರ ಸಣ್ಣ ಆಗಿದೆ. ತೂತು ದೊಡ್ಡದು, ಹೊಲಿಗೆ ಸಡಿಲ. ಮುಂದಿನ ಸಲ ತರಿಸುವಾಗ ನೋಡ್ಕೊಳ್ಳಿ ಸಾವ್ಕಾರ್ರೇ.’

ಆವತ್ತಿನಿಂದ ನಾನು ಅವರಿಗೆ ಸಾವ್ಕಾರ್ರು. ಆಗ ನನ್ನ ಅಂಗಡಿ ಎಷ್ಟು ದೊಡ್ಡದಿತ್ತೆಂದರೆ ಇಬ್ಬರು ಗಿರಾಕಿ ಒಟ್ಟಿಗೆ ಬಂದರೆ ನಾನು ಹೊರಗೆ ನಿಲ್ಲಬೇಕಾಗಿತ್ತು.

ಬಿ.ಟಿ.ಎಂ. ಲೇಔಟ್ ಮುಗಿದು ಮಡಿವಾಳ ಶುರುವಾಗುವ ಕಡೆಯ ಒಂದು ಮಣ್ಣಿನ ಮೈದಾನದಲ್ಲಿ ಅವರದೊಂದು ಫುಟ್‌ಬಾಲ್ ಕ್ಲಬ್ ಇತ್ತು. ಅವರೇ ಕಟ್ಟಿದ್ದು. ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುವವರು, ಆಟೋದವರು, ಕೊರಿಯರ್ ಹಂಚುವವರು, ಸಂಜೆ ಕಾಲೇಜಿಗೆ ಹೋಗುವವರು ಅದರ ಆಟಗಾರರು. ಕ್ಲಬ್ಬಿಗೆ ಗಂಭೀರವಾದ ಒಂದು ಹೆಸರೂ ಇತ್ತು, ರೆಫರಿ ಬಿಟ್ಟರೆ ಅದನ್ನು ಯಾರೂ ಹೇಳುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಇಟ್ಟಿಗೆ ಟೀಮು.

ಕಾರಣ ಅಂಗಿಯ ಬಣ್ಣ. ಹೊರದೇಶಕ್ಕೆ ಹೋಗಬೇಕಿದ್ದ ಬಟ್ಟೆಯೊಂದು ಬಣ್ಣ ಸರಿಯಿಲ್ಲವೆಂದು ಫ್ಯಾಕ್ಟರಿಯಲ್ಲೇ ಉಳಿದುಹೋಗಿತ್ತಂತೆ. ಕೆಂಪಾಗಬೇಕಾದದ್ದು ಸುಟ್ಟ ಇಟ್ಟಿಗೆಯ ಹಾಗಾಗಿತ್ತು. ಯಾರಿಗೂ ಬೇಡವಾದ ಆ ಥಾನುಗಳನ್ನು, ಕತ್ತರಿಸದ ಇಡೀ ಸುರುಳಿಗಳನ್ನು, ಮಾಸ್ಟ್ರು ಕೇಳಿ ತಂದು ಕ್ಲಬ್ಬಿಗೆ ಅಂಗಿ ಹೊಲಿದರು. ಮೊದಲ ಪಂದ್ಯದಲ್ಲಿ ಎದುರು ಪಕ್ಷದವರು, ‘ಏನ್ ಗುರು, ಇಟ್ಟಿಗೆ ಗೂಡಿಂದ ಸೀದಾ ಬಂದ್ರಾ? ಇನ್ನೂ ಬಿಸಿ ಇದೀರಾ?’ ಅಂತ ಕೂಗಿದರು. ಅವರ ಮೇಲೆ ಮೂರು ಗೋಲು ಬಿದ್ದ ಮೇಲೆ ನಮ್ಮವರೇ ಆ ಹೆಸರನ್ನು ಎತ್ತಿಕೊಂಡರು. ಮುಂದೆ ಒಳ್ಳೆಯ ಬಟ್ಟೆ ಸಿಗುವ ಕಾಲ ಬಂದಾಗಲೂ ಮಾಸ್ಟ್ರು ಚಿಕ್ಕಪೇಟೆಯ ಅಂಗಡಿಯಂಗಡಿ ಅಲೆದು ಅದೇ ಬಣ್ಣವನ್ನು ಹುಡುಕುತ್ತಿದ್ದರು. ಚೂರು ಸ್ಯಾಂಪಲ್ಲನ್ನು ಜೇಬಿನಿಂದ ತೆಗೆದು ಬಿಸಿಲಿಗೆ ಹಿಡಿದು, ‘ಇದು ಹಸಿ ಇಟ್ಟಿಗೆ, ನಂಗೆ ಸುಟ್ಟಿದ್ದು ಬೇಕು’ ಅನ್ನುವರು.

ಪಂದ್ಯದ ನಡುವೆ ಅವರು ಕೂಗಿದ್ದನ್ನು ನಾನು ಕಾಣೆ. ಗೆರೆಯ ಆಚೆ ನಿಂತು ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತಿದ್ದರು. ಚೆಂಡನ್ನು ಇಟ್ಟುಕೊಳ್ಳಬೇಡ, ಕತ್ತರಿಸಿ ಮುಂದಿನವನಿಗೆ ದಾಟಿಸು ಅಂತ ಅದರ ಅರ್ಥ. ಆಟ ಮುಗಿದ ಮೇಲೆ ಬೆವರಿನ ಅಂಗಿಗಳನ್ನೆಲ್ಲ ತರಿಸಿಕೊಂಡು ಒಂದೊಂದನ್ನೇ ಹರಡಿ ನೋಡುವರು. ಯಾರು ಹೇಗೆ ಆಡಿದರೆಂದು ಅಂಗಿಯಿಂದ ಹೇಳುತ್ತಿದ್ದರು.

‘ಬೆನ್ನು ಹರಿದಿದೆ. ಅಂದ್ರೆ ಮುಂದೆ ಓಡಿದಾನೆ, ಹಿಂದಿನವನು ಹಿಡಿದು ಎಳೆದಿದಾನೆ. ಶಭಾಷ್. ಇವನದು ನೋಡಿ, ಎದೆ ಹತ್ರ ಹರಿದಿದೆ. ಇವನು ಆಡಿಲ್ಲ, ನಿಂತು ಜಗಳ ಆಡಿದಾನೆ.’

‘ಎಲ್ಲೂ ಹರೀದೇ ಇದ್ರೆ?’ ಅಂತ ನಾನು ಕೇಳಿದ್ದಕ್ಕೆ, ‘ಅವನು ಸಾವ್ಕಾರ. ನಿಮ್ಮ ಅಂಗಡೀಲಿ ಕೂರ್ಸಿ’ ಅಂದಿದ್ದರು.

ಅವರ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಅಂಗಿಯ ಕೆಳಗಿನ ಅಂಚನ್ನು ಒಳಕ್ಕೆ ಮಡಚಿ ಹೊಲಿಯುತ್ತಾರಲ್ಲ, ಆ ಮಡಿಕೆಯನ್ನು ಮಾಸ್ಟ್ರು ಬೇಕೆಂದೇ ಎರಡು ಬೆರಳು ಅಗಲ ಬಿಡುತ್ತಿದ್ದರು. ಆಟಗಾರನೊಬ್ಬ ಕ್ಲಬ್ ಬಿಟ್ಟು ಹೊರಡುವ ದಿನ ಮೈದಾನದ ನಡುವೆ ಕೂತು, ಮುಂದೆ ಆ ನಂಬರು ಹಾಕುವವನನ್ನು ಎದುರಿಗೆ ನಿಲ್ಲಿಸಿಕೊಂಡು, ಹೊರಡುವವನ ಹೆಸರನ್ನು ಹಳದಿ ದಾರದಲ್ಲಿ ಮಡಿಕೆಯ ಒಳಮೈಗೆ ಹೊಲಿಯುವರು. ಆಮೇಲೆ ಅವನು ಅಂಗಿಯನ್ನು ಎರಡೂ ಕೈಯಲ್ಲಿ ಹೊಸಬನಿಗೆ ಕೊಡಬೇಕು. ಕೊಡುವಾಗ ಹೇಳುವ ಮಾತು ಇಷ್ಟೇ: ‘ಹರಿದ್ರೆ ಹೊಲ್ಕೋ, ಕಳ್ಕೋಬೇಡ.’ ತೆಗೆದುಕೊಳ್ಳುವವನು ಎದುರಿಗಿಲ್ಲದೆ ಹೆಸರು ಹೊಲಿಯುವಂತಿಲ್ಲ. ಅದು ಅವರ ಕಾನೂನು. ಅಂಗಿ ತೀರ ಜೀರ್ಣವಾದರೆ ಹೊಸದು ಹೊಲಿದು, ಹಳೆಯ ಮಡಿಕೆಯನ್ನು ಮಾತ್ರ ಬಿಚ್ಚಿ ಅದಕ್ಕೆ ಕೂಡಿಸುತ್ತಿದ್ದರು. ಹಾಗಾಗಿ ಪ್ರತಿಯೊಂದು ಅಂಗಿಯ ಅಂಚಿಗೂ ಅಂಗಿಗಿಂತ ಹೆಚ್ಚು ವಯಸ್ಸು.

‘ಮಾಸ್ಟ್ರೇ, ಈಗ ಎಲ್ಲಾ ಕಡೆ ಹೆಸರು ಬೆನ್ನ ಮೇಲೆ ದೊಡ್ಡದಾಗಿ ಹಾಕ್ತಾರೆ. ನಾನೇ ಪ್ರಿಂಟ್ ಹಾಕಿಸ್ಕೊಡ್ತೀನಿ’ ಅಂತ ಒಮ್ಮೆ ಅಂದೆ.

‘ಬೆನ್ನ ಮೇಲಿನ ಹೆಸರು ಊರವರಿಗೆ ಕಾಣ್ಸತ್ತೆ. ಮಡಿಕೇಲಿರೋದು ಹಾಕ್ಕೊಂಡವನಿಗೆ ಚುಚ್ಚತ್ತೆ’ ಅಂದರು.

ಇಟ್ಟಿಗೆ ಟೀಮು ಒಂದೊಂದೇ ಮೆಟ್ಟಿಲು ಹತ್ತಿ ಮೇಲಿನ ಲೀಗನ್ನು ಮುಟ್ಟಿದಾಗ ಕಷ್ಟ ಶುರುವಾಯಿತು. ಆ ಮಟ್ಟದಲ್ಲಿ ಆಡುವ ಕ್ಲಬ್ಬಿಗೆ ಡಾಕ್ಟರ್ ಬೇಕು, ಫಿಸಿಯೋ ಬೇಕು, ಸರ್ಟಿಫಿಕೇಟು ಇರುವ ಕೋಚ್ ಬೇಕು, ಹುಲ್ಲಿನ ಮೈದಾನ ಬೇಕು. ಒಂದು ವರ್ಷದೊಳಗೆ ಹೊಂದಿಸದಿದ್ದರೆ ಗೆದ್ದಿದ್ದರೂ ಕೆಳಗಿಳಿಯಬೇಕು. ನಮ್ಮ ಫಿಸಿಯೋ ಅಂದರೆ ಮೈದಾನದ ಗೇಟಿನ ಹತ್ತಿರ ಎಳನೀರು ಮಾರುವವನು, ಐಸು ಅವನ ಡಬ್ಬಿಯಿಂದಲೇ ಬರುತ್ತಿತ್ತು.

ಆಗ ಬಂದದ್ದು ಆ ಕಂಪನಿ. ನಾಲ್ಕು ದೇಶಗಳಲ್ಲಿ ನಾಲ್ಕು ಫುಟ್‌ಬಾಲ್ ಕ್ಲಬ್ ಕೊಂಡಿದ್ದ ಒಬ್ಬ ಯಜಮಾನ ಐದನೆಯದನ್ನು ಬೆಂಗಳೂರಿನಲ್ಲಿ ಹುಡುಕುತ್ತಿದ್ದ. ಈಗ ಆ ಲೋಕದಲ್ಲಿ ಇದು ಹೊಸದೇನಲ್ಲ. ದರ್ಶಿನಿಯವರು ಏರಿಯಾಕ್ಕೊಂದು ಬ್ರಾಂಚ್ ತೆಗೆಯುವ ಹಾಗೆ, ಒಬ್ಬನೇ ಧಣಿಗೆ ದೇಶಕ್ಕೊಂದು ಕ್ಲಬ್ಬು. ಒಂದು ಕಡೆ ಚಿಗುರಿದ ಆಟಗಾರನನ್ನು ಇನ್ನೊಂದು ಕಡೆಗೆ ಒಯ್ದು ನೆಡುವುದು. ವ್ಯಾಪಾರಸ್ಥನಾಗಿ ಹೇಳುತ್ತೇನೆ, ಲೆಕ್ಕಾಚಾರ ಕೆಟ್ಟದ್ದಲ್ಲ. ನಾನೇ ಮಾಸ್ಟ್ರ ಹಿಂದೆ ಬಿದ್ದು ಒಪ್ಪಿಸಿದೆ. ‘ಮಾರದೇ ಇದ್ರೆ ಹೆಂಗೂ ಇಳಿಸ್ತಾರೆ. ಮಾರಿದ್ರೆ ನಿಮ್ಮ ಹುಡುಗರಿಗೆ ಡಾಕ್ಟ್ರು ಆದ್ರೂ ಸಿಗ್ತಾನೆ.’ ಅವರು ಮೂರು ದಿನ ಯೋಚಿಸಿ, ‘ಮಾತಾಡೋದು ನೀವೇ ಮಾತಾಡಿ. ನಂಗೆ ಬರಲ್ಲ’ ಅಂದರು.

ಜೆ.ಪಿ. ನಗರದ ಕಂಪನಿ ಆಫೀಸಿಗೆ ಆಟೋದಲ್ಲಿ ಹೋಗುವಾಗ ನನ್ನ ಉಪಾಯವನ್ನು ಅವರಿಗೂ ಹೇಳಿಕೊಟ್ಟೆ. ಡಾಕ್ಟರು, ಮೈದಾನ, ಬೂಟು, ಬಸ್ಸು, ಇಷ್ಟು ನಮಗೆ ಬೇಕಾದದ್ದು. ಬಿಟ್ಟುಕೊಡಲಿಕ್ಕೆ ಇನ್ನೊಂದು ಇಟ್ಟುಕೊಳ್ಳಬೇಕು. ಮಾಸ್ಟ್ರು ಸಿಗ್ನಲ್ಲಿನ ಕಡೆ ನೋಡುತ್ತಾ, ‘ಹಂಗಾದ್ರೆ ನಂದೂ ಒಂದು ಸೇರಿಸ್ಕೊಳ್ಳಿ. ಅಂಗಿ ಬಣ್ಣ ಬದಲಾಯಿಸಬಾರದು’ ಅಂದರು.

ಅವರು ಅದನ್ನು ಹೇಳಿದ ಗಳಿಗೆ ನೋಡಿ. ನನಗೆ ಅನ್ನಿಸಿದ್ದು, ಮಾಸ್ಟ್ರು ಪಾಠ ಚೆನ್ನಾಗಿ ಕಲಿತರು, ಬಿಟ್ಟುಕೊಡಲಿಕ್ಕೆ ಸರಿಯಾದದ್ದನ್ನೇ ಆರಿಸಿದರು ಅಂತ.

ಕಂಪನಿಯ ಪರವಾಗಿ ಕೂತಿದ್ದವನು ಮೂವತ್ತರ ಒಳಗಿನ ಯುವಕ, ಅದೇ ಏರಿಯಾದವನು, ಮರ್ಯಾದಸ್ಥ. ‘ಮಾರಾಟ ಅಂತ ಅಂದ್ಕೋಬೇಡಿ ಅಂಕಲ್. ಒಂದು ಫ್ಯಾಮಿಲಿ ಸೇರ್ಕೊಳ್ತಿದ್ದೀರಾ ಅಷ್ಟೇ. ಐದು ದೇಶ, ಐದು ಕ್ಲಬ್, ಒಂದೇ ಫ್ಯಾಮಿಲಿ’ ಅಂದು ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದ. ನಾಲ್ಕು ಟೀಮಿನ ನಾಲ್ಕು ಫೋಟೋ, ಎಲ್ಲರ ಮೈಮೇಲೂ ಒಂದೇ ನೇರಳೆ.

‘ಬದನೆಕಾಯಿ’ ಅಂದರು ಮಾಸ್ಟ್ರು, ನನಗೊಬ್ಬನಿಗೇ ಕೇಳುವ ಹಾಗೆ. ಆಮೇಲೆ ಅವನಿಗೆ ಹೇಳಿದರು: ‘ನಮ್ಮ ಫ್ಯಾಕ್ಟ್ರೀಲಿ ಒಂದೇ ಥರದ ಅಂಗಿ ಕತ್ತರಿಸಿ ಐದು ಕಂಪನಿ ಲೇಬಲ್ ಹಾಕ್ತಿದ್ವಪ್ಪಾ. ನೀವು ಉಲ್ಟಾ. ಐದು ಥರದ ಅಂಗಿಗೆ ಒಂದೇ ಲೇಬಲ್. ಇರ್ಲಿ. ಒಂದು ಕೇಳ್ತೀನಿ. ನಿಮ್ಮವೇ ಎರಡು ಟೀಮು ಎದುರುಬದುರು ಆಡಿದ್ರೆ ಯಜಮಾನ್ರು ಯಾವ ಕಡೆಗೆ ಚಪ್ಪಾಳೆ ಹೊಡೀತಾರೆ?’

ಯುವಕ ನಕ್ಕ. ‘ಹಾಗೆ ಆಗಲ್ಲ ಅಂಕಲ್. ಒಂದೇ ಲೀಗಲ್ಲಿ ಒಬ್ಬರಿಗೆ ಎರಡು ಕ್ಲಬ್ ಇರೋ ಹಾಗಿಲ್ಲ. ರೂಲ್ಸೇ ಇದೆ.’

‘ಸರಿ ಹಂಗಾದ್ರೆ. ರೂಲ್ಸಿದ್ರೆ ಸರಿ.’

ಎರಡು ಗಂಟೆ ಎಳೆದಾಡಿದೆವು. ಡಾಕ್ಟರು ಬಂತು, ಮೈದಾನ ಬಂತು, ಬೂಟು ಬಂತು, ಬಸ್ಸು ಅರ್ಧ ಬಂತು. ಅಷ್ಟರಲ್ಲಿ ಮಾಸ್ಟ್ರ ಆಧಾರ್ ಕಾರ್ಡಿನ ಜೆರಾಕ್ಸ್ ಬೇಕು ಅಂದ ಯುವಕ. ಆಫೀಸಿನ ಮೆಷೀನು ಕೆಟ್ಟಿತ್ತು. ಮಾಸ್ಟ್ರು, ‘ಕೆಳಗೆ ಅಂಗಡಿ ನೋಡ್ದೆ, ತರ್ತೀನಿ’ ಅಂತ ಎದ್ದು ಹೋದರು. ಲಿಫ್ಟಿನ ಬಾಗಿಲು ಮುಚ್ಚಿದ್ದೇ ಯುವಕ ಮುಂದಕ್ಕೆ ಬಾಗಿದ. ‘ಅಂಕಲ್, ಬಣ್ಣ ಒಂದು ಬಿಟ್ಬಿಡಿ. ಎಲ್ಲಾ ಆಟಗಾರರಿಗೂ ಇನ್ಶೂರೆನ್ಸ್ ಮಾಡಿಸ್ತೀವಿ. ಆಸ್ಪತ್ರೆ ಖರ್ಚು ಪೂರ್ತಿ.’

‘ಆಟ ಬಿಟ್ಟ ಹಳಬರಿಗೂ?’

‘ಹಳಬರಿಗೂ.’

ನಾನು ನಿಟ್ಟುಸಿರು ಬಿಟ್ಟೆ, ತಲೆ ಅಲ್ಲಾಡಿಸಿದೆ, ಕಿಟಕಿಯಾಚೆ ನೋಡಿದೆ, ಕೊನೆಗೆ ಕೈ ಕುಲುಕಿದೆ. ಇಷ್ಟು ಚೆನ್ನಾದ ವ್ಯಾಪಾರವನ್ನು ನಾನು ಜೀವಮಾನದಲ್ಲಿ ಮಾಡಿರಲಿಲ್ಲ. ಮಾಸ್ಟ್ರು ಜೆರಾಕ್ಸ್ ಹಿಡಿದು ಒಳಗೆ ಬರುತ್ತಿದ್ದಂತೆ, ‘ಬಣ್ಣ ಹೋಯ್ತು, ಇನ್ಶೂರೆನ್ಸ್ ಬಂತು! ಎಲ್ಲರ ಕಾಲಿಗೂ!’ ಅಂತ ಕಣ್ಣು ಮಿಟುಕಿಸಿದೆ.

ಅವರು ನನ್ನ ಮುಖ ನೋಡಿದರು. ಯುವಕನ ಮುಖ ನೋಡಿದರು. ಅಷ್ಟೂ ಜನರ ಕಾಲಿನ ಎದುರು ಒಂದು ಬಣ್ಣ ಬೇಕು ಅನ್ನಲು ಅವರಂಥವರಿಗೆ ಬಾಯಿ ಬರುವುದಿಲ್ಲ. ಜೆರಾಕ್ಸ್ ಮೇಜಿನ ಮೇಲಿಟ್ಟು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿಯುವಾಗ, ಮುಂದೆ ಹೋಗುತ್ತಿದ್ದವರು ತಿರುಗದೆಯೇ ಒಂದು ಮಾತು ಹೇಳಿದರು.

‘ಒಂದ್ಸಲ ಕೇಳ್ಬಹುದಾಗಿತ್ತಲ್ಲ ಸಾವ್ಕಾರ್ರೇ.’

ಅಷ್ಟೇ. ಮತ್ತೆಂದೂ ಆ ಮಾತೆತ್ತಲಿಲ್ಲ. ಮುಂದಿನ ವರ್ಷ ಗೋಲ್‌ಕೀಪರನ ಮೊಣಕಾಲು ಮುರಿದು ಆಪರೇಷನ್ ಆಯಿತು, ಇನ್ಶೂರೆನ್ಸಿನಲ್ಲೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರೇ ನನ್ನ ತೋಳು ಹಿಡಿದು, ‘ಕಾಲು ಉಳೀತು ಕಣ್ರೀ. ನೀವು ಮಾಡಿದ್ದು ಸರಿಯಾಗೇ ಇತ್ತು’ ಅಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೊಸ ಅಂಗಿಗಳು ಪೆಟ್ಟಿಗೆಯಲ್ಲಿ ಬಂದ ದಿನ ನಾನೂ ಮೈದಾನದಲ್ಲಿದ್ದೆ. ಮಾಸ್ಟ್ರು ಅಭ್ಯಾಸಬಲದಿಂದ ಒಂದನ್ನು ತೆಗೆದು ಒಳಗು ಹೊರಗು ಮಾಡಿ ಅಂಚನ್ನು ಸವರಿದರು.

‘ಮಡಿಕೆನೇ ಇಲ್ವಲ್ಲಪ್ಪಾ?’

‘ಹೊಲಿಗೆ ಇಲ್ಲ ಅಂಕಲ್, ಬಿಸೀಲಿ ಅಂಟಿಸಿರ್ತಾರೆ. ಹಗುರ ಆಗತ್ತೆ’ ಅಂದ ಕಂಪನಿಯ ಯುವಕ.

‘ಹಂಗಾದ್ರೆ ಹೆಸರು ಎಲ್ಲಿ ಹೊಲೀಲಿ?’

‘ಹೆಸರು ಬೆನ್ನ ಮೇಲೆ ಪ್ರಿಂಟ್ ಆಗೇ ಬಂದಿದೆಯಲ್ಲ.’

ಮಾಸ್ಟ್ರು ಮೆಲ್ಲನೆ ಆ ಅಂಗಿಯನ್ನು ಮಡಚಿ ಪೆಟ್ಟಿಗೆಗೆ ಹಾಕಿದರು. ಆಟಗಾರರಿಗೆ ಹೇಳಿದರು: ‘ಮೈಮೇಲೆ ಅವರ ಬದನೆಕಾಯಿ ಇರ್ಲಿ. ಬ್ಯಾಗಲ್ಲಿ ನಮ್ಮ ಇಟ್ಟಿಗೆ ಇರ್ಲಿ. ಬಿಟ್ಟು ಹೋಗೋ ದಿನ ಅದನ್ನೇ ಕೊಟ್ಟು ಹೋಗಿ.’ ಹಾಗೆ ಪದ್ಧತಿಯನ್ನು ಬ್ಯಾಗಿನೊಳಗೆ ಉಳಿಸಿಕೊಂಡರು.

ಏಳನೆಯ ನಂಬರು ಗೊಟ್ಟಿಗೆರೆಯ ಮಂಜನದು. ಅವರಪ್ಪ ಹಾಲಿನ ಬೂತ್ ನಡೆಸುತ್ತಿದ್ದರು. ಮಂಜ ಬೆಳಿಗ್ಗೆ ಸೈಕಲ್ಲಿನಲ್ಲಿ ಹಾಲು ಹಂಚಿ, ಸಂಜೆ ಮೈದಾನದ ಬಲಗೆರೆಯುದ್ದಕ್ಕೂ ಓಡುವವನು. ಅವನ ಅಂಗಿಯ ಬೆನ್ನಿನಲ್ಲಿ ಬಟ್ಟೆಗಿಂತ ರಫು ಹೊಲಿಗೆ ಹೆಚ್ಚಾಗಿತ್ತು. ಸೀಸನ್ನಿನ ನಡುವೆ ಒಂದು ದಿನ ಕಂಪನಿಯವರು ಅವನನ್ನು ಯುರೋಪಿನಲ್ಲಿದ್ದ ತಮ್ಮ ಇನ್ನೊಂದು ಕ್ಲಬ್ಬಿಗೆ ಕಳಿಸುವುದೆಂದು ತೀರ್ಮಾನಿಸಿದರು. ಹೊರಡಲು ಎರಡು ದಿನ. ಮಾಸ್ಟ್ರು ಹಿಗ್ಗಿದರು. ಅವರ ಮೈದಾನದಿಂದ ವಿಮಾನ ಹತ್ತಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆದರೆ ಮಂಜನ ಜಾಗಕ್ಕೆ ಯಾರು? ‘ಇನ್ನೂ ಡಿಸೈಡ್ ಆಗಿಲ್ಲ ಅಂಕಲ್, ಬೇರೆ ಕ್ಲಬ್ಬಿಂದ ಕಳಿಸ್ತಾರೆ.’ ಬನಶಂಕರಿಯ ಬಸ್ ನಿಲ್ದಾಣದಲ್ಲಿ ಏರ್‌ಪೋರ್ಟ್ ಬಸ್ಸಿಗೆ ಕಾಯುತ್ತಿದ್ದ ಮಂಜ ಇಟ್ಟಿಗೆ ಅಂಗಿಯನ್ನು ಮಾಸ್ಟ್ರ ಕೈಗೆ ಕೊಟ್ಟ. ಅವರ ಜೇಬಿನಲ್ಲಿ ಸೂಜಿಯೂ ಇತ್ತು, ಹಳದಿ ದಾರವೂ ಇತ್ತು.

‘ಈಗ್ಲೇ ಹೊಲಿದ್ಬಿಡಿ ಮಾಸ್ಟ್ರೇ, ಬಸ್ಸಿಗೆ ಇನ್ನೂ ಟೈಮಿದೆ’ ಅಂದ ಮಂಜ.

‘ತಗೊಳೋನು ಬರ್ಲಿ ಕಣೋ. ಅಲ್ಲೀತನಕ ನಾನು ಇಟ್ಕೊಂಡಿರ್ತೀನಿ. ನೀನು ಹೋಗು, ಬೆನ್ನು ಹರ್ಕೊಂಡು ಬಾ.’

ತೆಗೆದುಕೊಳ್ಳುವವನು ಬರಲೇ ಇಲ್ಲ. ಅವನ ಬದಲು ಒಂದು ಮಧ್ಯಾಹ್ನ ಕಂಪನಿಯ ಆ ಯುವಕ ನನ್ನ ಅಂಗಡಿಗೆ ಬಂದ. ಫೋನಿನಲ್ಲಿ ಹೇಳಬಹುದಿತ್ತು, ಬಂದ. ಅಷ್ಟು ಒಳ್ಳೆಯತನ ಅವನಲ್ಲಿತ್ತು. ಅವರ ಯಜಮಾನ ಅದೇ ಲೀಗಿನ ಇನ್ನೊಂದು ಕ್ಲಬ್ಬನ್ನು ಕೊಂಡಿದ್ದ. ಅದು ದೊಡ್ಡದು, ಸ್ಟೇಡಿಯಮ್ಮು ಇರುವಂಥದ್ದು. ಒಂದೇ ಲೀಗಿನಲ್ಲಿ ಒಬ್ಬನಿಗೆ ಎರಡು ಇರುವಂತಿಲ್ಲ. ನಮ್ಮದನ್ನು ಮುಚ್ಚುತ್ತಾರೆ.

ನಾನು ಅವನನ್ನು ವಸಂತಪುರಕ್ಕೆ ಕರೆದುಕೊಂಡು ಹೋದೆ. ‘ನೀನೇ ಹೇಳಪ್ಪಾ. ನನ್ನ ಕೈಲಾಗಲ್ಲ’ ಅಂದೆ. ಮಾಸ್ಟ್ರು ಕಿಟಕಿ ಪಕ್ಕದ ಹೊಲಿಗೆ ಮೆಷೀನಿನ ಮುಂದೆ ಕೂತಿದ್ದರು. ಪೂರ್ತಿ ಕೇಳಿಸಿಕೊಂಡರು. ಒಳಗಿದ್ದ ತಮ್ಮ ಹೆಂಡತಿಗೆ, ನಮಗೆಲ್ಲ ಅವರು ಅಕ್ಕ, ಮೂರು ಕಾಫಿ ಹೇಳಿದರು. ಆಮೇಲೆ, ‘ಹಂಗಾದ್ರೆ ಯಜಮಾನ್ರು ಆ ಕಡೆಗೆ ಚಪ್ಪಾಳೆ ಹೊಡೆದ್ರು ಅನ್ನಿ’ ಅಂದರು. ಯುವಕ ಕಾಫಿ ಲೋಟದಿಂದ ತಲೆ ಎತ್ತಲಿಲ್ಲ.

‘ಆಯ್ತಪ್ಪಾ. ನಮ್ಮ ಹೆಸರು, ಬಣ್ಣ ನಮಗೆ ವಾಪಸ್ ಕೊಡಿ. ಕೆಳಗಿನ ಮೆಟ್ಟಿಲಿಂದ ಮತ್ತೆ ಹತ್ತುತ್ತೀವಿ. ನಮಗೇನು ಹೊಸದಲ್ಲ.’

ಅವನು ನನ್ನ ಕಡೆ ತಿರುಗಿ, ‘ಅಗ್ರಿಮೆಂಟ್ ಒಂದ್ಸಲ ನೋಡಿ ಅಂಕಲ್’ ಅಂದ. ನಾನು ಮನೆಗೆ ಬಂದು ಒಪ್ಪಂದ ತೆಗೆದು ಓದಿದೆ. ಬಣ್ಣ ಬಿಟ್ಟೆನೆಂದು ನಾನು ತಿಳಿದಿದ್ದ ಜಾಗದಲ್ಲಿ ಬಣ್ಣ, ಹೆಸರು, ಗುರುತು ಮೂರೂ ಒಂದೇ ಸಾಲಿನಲ್ಲಿ ಕೂತಿದ್ದವು, ಶಾಶ್ವತವಾಗಿ ಕಂಪನಿಗೆ. ಆವತ್ತು ನಾನು ಇನ್ಶೂರೆನ್ಸಿನ ಪುಟವನ್ನು ಎರಡು ಸಲ ಓದಿದ್ದೆ. ಅದು ಗೆದ್ದ ಪುಟ. ಸೋತ ಪುಟವನ್ನು ಓದಿರಲಿಲ್ಲ. ನನ್ನಿಂದ ಏನಾದರೂ ಕಲಿಯುವುದಿದ್ದರೆ ಇದನ್ನು ಕಲಿಯಿರಿ: ಸಹಿ ಹಾಕುವ ಮುಂಚೆ ಸೋತ ಪುಟವನ್ನೇ ಮೊದಲು ಓದಿ. ಗೆದ್ದ ಪುಟ ಎಲ್ಲಿಗೂ ಓಡಿಹೋಗುವುದಿಲ್ಲ.

ಮಾರನೆಯ ದಿನ ಹೋಗಿ ಹೇಳಿದೆ. ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲ, ಮಾತು ಅಡ್ಡಾದಿಡ್ಡಿಯಾಗಿ ಬಂತು. ಮಾಸ್ಟ್ರು ನಡುವೆಯೇ ತಡೆದರು. ‘ಕತ್ತರಿಸಿದ ಬಟ್ಟೆ ಮತ್ತೆ ಥಾನ್ ಆಗಲ್ಲ, ಬಿಡಿ.’

ಆಟಗಾರರಲ್ಲಿ ಇಬ್ಬರನ್ನು ಆ ದೊಡ್ಡ ಕ್ಲಬ್ಬು ತೆಗೆದುಕೊಂಡಿತು. ಉಳಿದವರು ಆಟೋಗೆ, ಮಾರ್ಕೆಟ್ಟಿಗೆ, ಬೈಕಿನ ಹಿಂದಿನ ಡಬ್ಬಿಗೆ ಮರಳಿದರು. ಬ್ಯಾಗಿನಲ್ಲಿದ್ದ ಇಟ್ಟಿಗೆ ಅಂಗಿಗಳನ್ನು ಅವರವರೇ ಮನೆಗೆ ಒಯ್ದರು. ಕೊಡುವುದಕ್ಕೆ ಎದುರಿಗೆ ಯಾರೂ ಇಲ್ಲದ ಕಾರಣ ಯಾರ ಹೆಸರನ್ನೂ ಹೊಲಿಯಲಾಗಲಿಲ್ಲ. ಏಳನೆಯದು ಮಾತ್ರ ಮಾಸ್ಟ್ರ ಬಳಿ ಉಳಿಯಿತು.

ಆ ವರ್ಷವೇ ಅವರ ಬಲಗೈ ನಡುಗತೊಡಗಿತು. ಮೊದಲು ಕಾಫಿ ತುಳುಕುತ್ತಿತ್ತು, ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಯಿತು. ನೂರು ಪದರವನ್ನು ಒಂದು ಗೆರೆ ತಪ್ಪದೆ ಕತ್ತರಿಸಿದ ಕೈ ಅದು. ನಾನು ಭಾನುವಾರಗಳಂದು ಹೋಗಿ ಕೂರುತ್ತಿದ್ದೆ. ಆ ಡಾಕ್ಟರಿಗೆ ತೋರಿಸಿ, ಈ ಎಣ್ಣೆ ಹಚ್ಚಿ ಅಂತ ಹೇಳಿದ್ದೇ ಹೇಳುತ್ತಿದ್ದೆ. ಅವರು ಕೇಳಿಸಿಕೊಂಡು, ‘ಸಲಹೆ ಫ್ರೀನಾ ಸಾವ್ಕಾರ್ರೇ, ಇಲ್ಲಾ ಬಿಲ್ ಬರತ್ತಾ?’ ಅನ್ನುವರು.

ಮಂಜ ಊರಿಗೆ ವಾಪಸ್ಸಾದ ವಾರ ಅವನನ್ನೂ ಕರೆದುಕೊಂಡು ಹೋದೆ. ಅಲ್ಲಿ ಅವನ ಕರಾರು ಮುಗಿದಿತ್ತು, ಮುಂದುವರಿಸಿರಲಿಲ್ಲ. ಅವನು ಮಾಸ್ಟ್ರ ಕಾಲಿಗೆ ನಮಸ್ಕಾರ ಮಾಡಿ ನೆಲದ ಮೇಲೆ ಕೂತ.

‘ಎಷ್ಟು ಮ್ಯಾಚ್ ಆಡ್ದೆ?’

‘ಎರಡು, ಮಾಸ್ಟ್ರೇ. ಕೊನೇಲಿ ಇಳಿಸಿದ್ರು. ಎರಡೂ ಸೇರಿ ಇಪ್ಪತ್ತು ನಿಮಿಷ.’

‘ಅಂಗಿ ಹರೀತಾ?’

‘ಇಲ್ಲ. ಆ ಬಟ್ಟೆ ಹರಿಯಲ್ಲ ಮಾಸ್ಟ್ರೇ.’

 ಮಾಸ್ಟ್ರು ಅಕ್ಕನನ್ನು ಕರೆದು ಬೀರುವಿನಿಂದ ಏಳನೆಯ ನಂಬರಿನ ಅಂಗಿ ತರಿಸಿದರು. ತೊಡೆಯ ಮೇಲೆ ಹರಡಿ ಮಡಿಕೆಯನ್ನು ತಿರುಗಿಸಿದರು. ಒಳಗೆ ಹಳದಿ ದಾರದಲ್ಲಿ ಆರು ಹೆಸರುಗಳು, ಒಂದೊಂದೂ ಅಚ್ಚು ಹಾಕಿದ ಹಾಗೆ. ಆರನೆಯದರ ಪಕ್ಕದಲ್ಲಿ ಖಾಲಿ ಜಾಗ. ಸೂಜಿಗೆ ದಾರ ಪೋಣಿಸಲು ಅವರ ಕೈಗಾಗಲಿಲ್ಲ, ನಾನು ಪೋಣಿಸಿಕೊಟ್ಟೆ. ಸೂಜಿ ಹಿಡಿದುಕೊಂಡು ಅವರು ನಮ್ಮ ಮೂವರನ್ನೂ ನೋಡಿದರು.

‘ತಗೊಳೋನು ಯಾರು?’

ಮಂಜ ನೆಲ ನೋಡಿದ.  ನಾನು ಎದ್ದು ಅವರ ಎದುರಿಗೆ ನಿಂತು ಎರಡೂ ಕೈ ಚಾಚಿದೆ.

‘ನೀವಾ?’

‘ನಾನೇ. ಹೊಟ್ಟೆಗೆ ಹಿಡಿಸಲ್ಲ, ಅಷ್ಟೇ.’

ಮಾಸ್ಟ್ರು ನಕ್ಕರು. ಸೂಜಿ ಹಿಡಿದ ಕೈ ನಗುವಿಗೋ ನಡುಕಕ್ಕೋ ಅಲುಗಾಡುತ್ತಿತ್ತು. ‘ನಿಮಗೆ ಬೇಡ ಸಾವ್ಕಾರ್ರೇ. ನೀವು ಮಾರಿಬಿಡ್ತೀರಾ.’

ಮಂಜ ನಕ್ಕ. ಅಕ್ಕನೂ ಬಾಗಿಲಲ್ಲಿ ನಿಂತು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಚಾಚಿದ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಮಂಜನ ಹೆಗಲ ಮೇಲಿಟ್ಟೆ.

‘ಯಾರಾದ್ರೂ ಸಿಗ್ಲಿ, ಆಮೇಲೆ ನೋಡಣ’ ಅಂದು ಮಾಸ್ಟ್ರು ದಾರದ ಸಮೇತ ಸೂಜಿಯನ್ನು ಮಡಿಕೆಗೆ ಚುಚ್ಚಿ ಅಂಗಿಯನ್ನು ಪಕ್ಕಕ್ಕಿಟ್ಟರು. ನಾಲ್ಕು ತಿಂಗಳ ಮೇಲೆ ಆಷಾಢ ಬಂತು.

ತಿಥಿ ಮುಗಿದ ಮಾರನೆಯ ದಿನ ಅಕ್ಕ ನನ್ನನ್ನು ಬರಹೇಳಿದರು. ನ್ಯೂಸ್‌ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ಕೈಗಿಟ್ಟರು. ‘ನಿಮಗೇ ಕೊಡು ಅಂದಿದ್ರು. ಹೋಗಕ್ಕೆ ಒಂದು ವಾರ ಮುಂಚೆ.’

ಬಿಚ್ಚದೆಯೇ ಗೊತ್ತಾಯಿತು. ‘ಏನಾದ್ರೂ ಹೇಳಿದ್ರಾ ಅಕ್ಕಾ?’

‘ಯಾರಿಗಾದ್ರೂ ಕೊಡೋದಾದ್ರೆ ಮುಂಚೆ ಒಂದ್ಸಲ ಕೇಳ್ಲಿ, ಅಂದ್ರು. ಯಾರನ್ನ ಕೇಳ್ಬೇಕು ಅಂತ ಹೇಳ್ಲಿಲ್ಲ.’

ಮನೆಗೆ ಬಂದು ಬಿಚ್ಚಿದೆ. ಸೂಜಿ ಮಡಿಕೆಯಲ್ಲಿ ಹಾಗೇ ಇತ್ತು, ಕಣ್ಣಿನ ಹತ್ತಿರ ಸ್ವಲ್ಪ ತುಕ್ಕು ಹಿಡಿದಿತ್ತು. ಆದರೆ ಆವತ್ತು ನಾನು ಕಂಡಿದ್ದ ಖಾಲಿ ಜಾಗ ಈಗ ಪೂರ್ತಿ ಖಾಲಿ ಇರಲಿಲ್ಲ. ಆರು ಅಚ್ಚುಕಟ್ಟಾದ ಹೆಸರುಗಳ ಪಕ್ಕದಲ್ಲಿ, ಕೋಳಿ ಕೆದಕಿದ ಹಾಗೆ ಸೊಟ್ಟ ಸೊಟ್ಟ ಹಳದಿ ಹೊಲಿಗೆಯಲ್ಲಿ ಒಂದೇ ಒಂದು ಅಕ್ಷರ: ‘ಮಂ’. ಸೊನ್ನೆ ಸುತ್ತು ಮುಗಿದಿರಲಿಲ್ಲ. ತೆಗೆದುಕೊಳ್ಳುವವನು ಯಾರೆಂದು ನಿಶ್ಚಯವಾಗದೆ ಅವರು ಹೊಲಿಯುವವರಲ್ಲ, ಅಂಗಿ ಕಳಿಸಿದ್ದು ನನಗೆ.

ಮಂಜನಿಗೆ ತೋರಿಸಿದೆ. ಉಳಿದ ಅಕ್ಷರವನ್ನು ತಾನೇ ಹೊಲಿಯಲೇ ಅಂತ ಕೇಳಿದ, ಆಮೇಲೆ ಅವನೇ ಬೇಡ ಅಂದ. ಅಂಗಿ ಈಗ ನಮ್ಮ ಮನೆಯ ಬೀರುವಿನಲ್ಲಿದೆ, ಸೂಜಿ ಸಮೇತ. ಗಾಜಿನ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ಗಲ್ಲಾದ ಹಿಂದೆ ತೂಗುಹಾಕಪ್ಪಾ, ಚೆನ್ನಾಗಿರತ್ತೆ ಅಂತ ನನ್ನ ಮಗಳು ಹೇಳುತ್ತಿರುತ್ತಾಳೆ. ನನಗೆ ಧೈರ್ಯ ಬರುತ್ತಿಲ್ಲ. ಅಂಗಡಿಗೆ ಬಂದವರು ಸುಮ್ಮನೆ ನೋಡಿ ಹೋಗುವುದಿಲ್ಲ, ಯಾರಾದರೊಬ್ಬರು ಅದರ ಕಡೆ ಬೆರಳು ಮಾಡಿ ‘ಇದೆಷ್ಟು ಸಾರ್?’ ಅಂದೇ ಅನ್ನುತ್ತಾರೆ. ನಲವತ್ತು ವರ್ಷದ ಅಭ್ಯಾಸ ನನ್ನದು. ನಾನು ಯೋಚಿಸುವುದಕ್ಕೆ ಮುಂಚೆ ನನ್ನ ಬಾಯಿ ಒಂದು ಬೆಲೆ ಹೇಳಿಬಿಟ್ಟೀತು.